ನೀಲಾದ್ರಿಯಲ್ಲೊಂದು ಕನ್ನಡ ತರಗತಿ

ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಶಾಸನ ಕ್ರಿ.ಶ. 1117ರದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೂ ಸಂಧಿವಿಗ್ರಹಿಯೂ ಆಗಿದ್ದ ಪುಣಿಸಮಯ್ಯನ ಪ್ರಶಸ್ತಿ ಅದರಲ್ಲಿದೆ. ಗಂಗರಾಜನಂತೆ ಪುಣಿಸನೂ ಪರಮ ಜಿನಭಕ್ತ. ಅವನು ತೊದವರನ್ನು ಬೆದರಿಸಿದನೆಂದೂ ಕೊಂಗರನ್ನು ಅಡಗಿಸಿದನೆಂದೂ ಮಲೆಯಾಳರನ್ನು ಸಂಹರಿಸಿದನೆಂದೂ ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನೆಂದೂ ಶಾಸನಕವಿ ಹೊಗಳುತ್ತಾನೆ. ನೀಲಗಿರಿಯ ತೊದವರ ಹೆಸರು ಬರಹದಲ್ಲಿ ಮೊದಲು ಕಾಣುವ ಕಡೆಯೆಂದು ಇತಿಹಾಸಕಾರರು ಸಾಮಾನ್ಯವಾಗಿ ಎತ್ತಿ ತೋರಿಸುವುದು ಈ ಶಾಸನವನ್ನೇ. ಒಂದು ಜನಸಮುದಾಯ ಚರಿತ್ರೆಯೊಳಗೆ ಕಾಲಿಡುವುದೇ ಬೆದರಿದವರ ಪಟ್ಟಿಯಲ್ಲಿ, ಅದೂ ಬಸದಿಯೊಂದರ ಕಲ್ಲಿನ ಮೇಲೆ ಎಂಬುದು ಜೈನ ಸಾಹಿತ್ಯದ ಅಭ್ಯಾಸಿಗಳು ಸ್ವಲ್ಪ ಹೊತ್ತು ನಿಂತು ಯೋಚಿಸಬೇಕಾದ ಸಂಗತಿ.

ಪುಣಿಸನಾದ ಒಂಬತ್ತು ಶತಮಾನಗಳ ಮೇಲೆ ಅದೇ ಬೆಟ್ಟವನ್ನು ಹತ್ತಿದವರು ಒಬ್ಬ ಕನ್ನಡ ಮೇಷ್ಟ್ರು. ಹೊಯ್ಸಳರ ಕಾಲದ ಜೈನ ದಂಡನಾಯಕರನ್ನು ಕುರಿತು ಅವರು ಪಿಎಚ್.ಡಿ. ಪ್ರಬಂಧ ಬರೆದಿದ್ದರು. ಪುಣಿಸನ ದಿಗ್ವಿಜಯಕ್ಕೆ ಅದರಲ್ಲಿ ಇಡೀ ಒಂದು ಅಧ್ಯಾಯ ಮೀಸಲಾಗಿತ್ತು. ಕಾಲೇಜಿನ ಕೆಲಸ ವರ್ಷಗಟ್ಟಲೆ ಕೈಗೆ ಹತ್ತದೆ, ನೀಲಗಿರಿಯ ಒಂದು ವಸತಿಶಾಲೆಯಲ್ಲಿ ಎರಡನೆಯ ಭಾಷೆಯ ಅಧ್ಯಾಪಕರು ಬೇಕೆಂಬ ಜಾಹೀರಾತು ಕಂಡು ಅರ್ಜಿ ಹಾಕಿದ್ದರು. ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿಗಳನ್ನು ದಾಟಿ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಹತ್ತುವಾಗ ಅವರಿಗೆ ವಾಂತಿಯಾಯಿತಂತೆ. ದಂಡನಾಯಕನ ವಿಜಯಯಾತ್ರೆಯ ದಾರಿ ಹೀಗೆ ಆರಂಭವಾಯಿತೆಂದು ಅವರೇ ಮುಂದೆ ಹೇಳಿ ನಗುತ್ತಿದ್ದರು.

ವಸತಿಶಾಲೆಯ ದಿನ ಗಂಟೆಯಿಂದ ಗಂಟೆಗೆ ನಡೆಯುತ್ತದೆ. ಬೆಳಗಿನ ಆರಕ್ಕೆ ಮೊದಲ ಗಂಟೆ. ಮಂಜಿನಲ್ಲಿ ಮೈದಾನದ ಆಚೆಯ ಗೋಲುಕಂಬ ಕಾಣದಿದ್ದರೂ ಹುಡುಗರು ಸಾಲುಗಟ್ಟಿ ಓಡಬೇಕು. ಡಿಸೆಂಬರಿನ ಮುಂಜಾವಿನಲ್ಲಿ ಇಬ್ಬನಿ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿ, ಬೂಟಿನ ಕೆಳಗೆ ಹುರಿದ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ಬಿಸಿನೀರು ಮೊದಲ ಇಪ್ಪತ್ತು ಹುಡುಗರಿಗೆ ಮಾತ್ರ. ಉಳಿದವರದು ತಣ್ಣೀರು, ಇಲ್ಲವೆ ಸ್ನಾನದ ನಟನೆ. ಮೇಷ್ಟ್ರು ತರಗತಿಗೆ ಅಧ್ಯಾಪಕರು, ಸಂಜೆ ಓದಿನ ಮೇಲ್ವಿಚಾರಕರು, ವಾರಕ್ಕೆ ಎರಡು ರಾತ್ರಿ ವಸತಿನಿಲಯದ ಕಾವಲಿನವರು. ಒಗೆಯಲು ಹಾಕಿದ ಕಾಲುಚೀಲಗಳ ಲೆಕ್ಕ, ಜ್ವರದ ಲೆಕ್ಕ, ಕಳೆದುಹೋದ ಸ್ವೆಟರುಗಳ ಲೆಕ್ಕ ಇವೆಲ್ಲ ಅವರದೇ. ಹಳಗನ್ನಡ ಛಂದಸ್ಸಿನಲ್ಲಿ ಮಾತ್ರೆ ಎಣಿಸಿದ ಬೆರಳುಗಳು ಮೂರೇ ತಿಂಗಳಲ್ಲಿ ಮಲಗಿದ ತಲೆಗಳನ್ನು ಕತ್ತಲಲ್ಲಿ ಎಣಿಸುವುದನ್ನು ಕಲಿತವು.

ಕನ್ನಡದ ತರಗತಿ ಊಟದ ನಂತರದ್ದು. ಹಿಂದಿ, ತಮಿಳು, ಫ್ರೆಂಚ್ ತರಗತಿಗಳು ತುಂಬಿ ಉಳಿದ ಹದಿನಾಲ್ಕು ಮಕ್ಕಳು ಸಂಗೀತದ ಕೋಣೆಯ ಪಕ್ಕದ ಚಿಕ್ಕ ಕೋಣೆಗೆ ಬರುತ್ತಿದ್ದರು. ಹೆಚ್ಚಿನವರು ಬೆಂಗಳೂರಿನವರು, ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಮಕ್ಕಳೂ ಇದ್ದರು. ಮನೆಯಲ್ಲಿ ತಂದೆತಾಯಿಯರೊಡನೆ ಅವರದು ಇಂಗ್ಲಿಷು. ಹಾಗೆಂದು ಕನ್ನಡ ಬಾರದವರಲ್ಲ. ಮೊದಲ ವಾರ ಮೇಷ್ಟ್ರು ಅವರಿಂದ ಗೊತ್ತಿರುವ ಕ್ರಿಯಾಪದಗಳನ್ನೆಲ್ಲ ಹೇಳಿಸಿ ಕರಿಹಲಗೆಯ ಮೇಲೆ ಬರೆದರು: ಬಾ, ಹೋಗು, ತಾ, ಇಡು, ನಿಲ್ಲಿಸು, ತೊಳೆ, ಬೇಗ ಮಾಡು. ಹಲಗೆ ತುಂಬಿತು. ತುಂಬಿದ ಮೇಲೆ ನೋಡಿದರೆ ಒಂದೇ ಒಂದು ರೂಪವೂ ವಿಧ್ಯರ್ಥ ಏಕವಚನವನ್ನು ಬಿಟ್ಟು ಆಚೆ ಹೋಗಿರಲಿಲ್ಲ. ಕಾರಿನ ಚಾಲಕನಿಗೆ, ಅಡುಗೆಯಾಕೆಗೆ, ತೋಟದ ಆಳಿಗೆ ಹೇಳುವ ಕನ್ನಡವಷ್ಟೇ ಅವರ ಕನ್ನಡ. ಬನ್ನಿ ಎಂಬ ರೂಪವನ್ನು ಅವರು ಕೇಳಿದ್ದರು. ತಾವು ಆಡಬೇಕಾದ ಸಂದರ್ಭ ಬಂದಿರಲಿಲ್ಲ. ಕೇಶಿರಾಜನನ್ನು ಓದಿದವರಿಗೆ ಇದಕ್ಕಿಂತ ದುಃಖದ ಕ್ರಿಯಾಪದ ಪ್ರಕರಣ ಇನ್ನೊಂದು ಸಿಗದು. ಮೇಷ್ಟ್ರು ಪಠ್ಯಪುಸ್ತಕವನ್ನು ಮುಚ್ಚಿಟ್ಟು ಇಡೀ ಒಂದು ತಿಂಗಳು ಬನ್ನಿ, ಕೂತುಕೊಳ್ಳಿ, ಊಟ ಮಾಡಿದಿರಾ ಎಂಬುದನ್ನೇ ಕಲಿಸಿದರು.

ಊಟದ ವಿಷಯದಲ್ಲಿ ಅವರಿಗೇ ಒಂದು ತೊಡಕಿತ್ತು. ಅನಸ್ತಮಿತ ವ್ರತವನ್ನು ಅವರು ಬಾಲ್ಯದಿಂದ ಬಿಟ್ಟವರಲ್ಲ. ಶಾಲೆಯ ರಾತ್ರಿಯೂಟವಾದರೋ ಏಳೂವರೆಗೆ. ಕಂದಮೂಲಗಳನ್ನು ತಿನ್ನುವವರೂ ಅಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಎರಡು ಶತಮಾನಗಳ ಹಿಂದೆ ಈ ಬೆಟ್ಟಕ್ಕೆ ಆಲೂಗಡ್ಡೆಯನ್ನೂ ಯೂರೋಪಿನ ತರಕಾರಿಗಳನ್ನೂ ತಂದಂದಿನಿಂದ ನೀಲಗಿರಿಯ ಇಳಿಜಾರುಗಳು ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್‌ಗಳ ನಾಡಾಗಿವೆ. ಮಣ್ಣಿನ ಕೆಳಗೆ ಬೆಳೆದದ್ದನ್ನು ತಿನ್ನದವನು ಕೆತ್ತಿಯ ಕಣಿವೆಯಲ್ಲಿ ಬದುಕುವುದೆಂದರೆ ಕರಾವಳಿಯಲ್ಲಿ ಉಪ್ಪು ಬಿಟ್ಟಂತೆ. ಇನ್ನು ಮಳೆಗಾಲದಲ್ಲಿ ಸೂರ್ಯಾಸ್ತವನ್ನು ನಿರ್ಣಯಿಸುವುದು ಹೇಗೆ? ಮೂರು ಗಂಟೆಗೇ ಮಂಜು ಕವಿದು ದೀಪ ಹಾಕುವ ದಿನಗಳಲ್ಲಿ ಸೂರ್ಯನಿದ್ದಾನೆಂಬುದು ಶ್ರದ್ಧೆಯ ಮಾತೇ ಹೊರತು ಪ್ರತ್ಯಕ್ಷಪ್ರಮಾಣವಲ್ಲ. ಅವರು ಪಂಚಾಂಗ ನೋಡಿ, ಅದಕ್ಕೂ ಅರ್ಧ ಗಂಟೆ ಮೊದಲೇ ಅಡುಗೆಮನೆಗೆ ಹೋಗುತ್ತಿದ್ದರು.

ಅಡುಗೆಮನೆಯ ಹಿರಿಯರು ಬಡಗರು. ಹತ್ತಿರದ ಹಟ್ಟಿಯಿಂದ ನಡೆದು ಬರುತ್ತಿದ್ದವರು. ಮೇಷ್ಟ್ರ ನಿಯಮವನ್ನು ಒಂದು ಸಲ ಕೇಳಿ, ಮರುದಿನದಿಂದ ಬೀನ್ಸ್, ಬಟಾಣಿ, ಅವರೆ ಇವುಗಳಲ್ಲೇ ಏನಾದರೊಂದನ್ನು ಬೇರೆ ಪಾತ್ರೆಯಲ್ಲಿ ಮಾಡಿ, ಐದೂವರೆಗೆ ಮೂಲೆಯ ಮಣೆಯ ಮುಂದೆ ಇಡುತ್ತಿದ್ದರು. ಶಾಲೆಯಲ್ಲಿ ಕೆಲಸಗಾರರೊಡನೆ ಎಲ್ಲರೂ ತಮಿಳನ್ನೇ ಆಡುತ್ತಿದ್ದರಿಂದ ಮೇಷ್ಟ್ರೂ ತಮ್ಮ ಮುರುಕು ತಮಿಳಿನಲ್ಲಿ ಮಾತನಾಡುತ್ತಿದ್ದರು; ಅವರು ಅಷ್ಟೇ ಸೌಜನ್ಯದಿಂದ ಅದನ್ನು ಅರ್ಥಮಾಡಿಕೊಳ್ಳುತ್ತಿದ್ದರು. ಹೀಗೆ ಎರಡು ವರ್ಷ ಕಳೆಯಿತು.

ಮೂರನೆಯ ವರ್ಷದ ಒಂದು ಸಂಜೆ ಆ ಹಿರಿಯರು ತಮ್ಮ ಸಹಾಯಕ ಹುಡುಗನನ್ನು ಬಡಗ ಭಾಷೆಯಲ್ಲಿ ಗದರಿಸಿದರು. ಆ ಮಾತಿನ ನಡುವೆ ಅನ್ನಕ್ಕೆ ಕೂ ಎಂಬ ಪದ ಬಂತು. ಮೇಷ್ಟ್ರ ಕೈತುತ್ತು ಅಲ್ಲೇ ನಿಂತಿತು. ಹಳಗನ್ನಡದ ಕೂೞ್ ಅದು. ಪ್ರಾಚೀನ ಕಾವ್ಯಗಳಲ್ಲಿ ಯಾವ ಹೀನಾರ್ಥವೂ ಇಲ್ಲದೆ ಉಣ್ಣುವ ಅನ್ನವೆಂದೇ ಬರುವ ಪದ. ಬಯಲುಸೀಮೆಯಲ್ಲಿ ನಾವು ಅದನ್ನು ಕೂಳು ಮಾಡಿ, ದಂಡದ ಕೂಳು ಎಂದು ಬೈಗುಳಕ್ಕೆ ಇಳಿಸಿಬಿಟ್ಟೆವು. ಬೆಟ್ಟದ ಮೇಲೆ ಅದು ತನ್ನ ಕೊನೆಯ ವ್ಯಂಜನವನ್ನು ಕಳೆದುಕೊಂಡಿತೇ ಹೊರತು ಮರ್ಯಾದೆಯನ್ನು ಕಳೆದುಕೊಂಡಿಲ್ಲ. ಎಂ. ಬಿ. ಎಮಿನೊ 1939ರಲ್ಲಿ ಬಡಗ ಭಾಷೆಯ ಸ್ವರಗಳನ್ನು ಕುರಿತು ಬರೆದ ಲೇಖನದಲ್ಲಿ ಅವುಗಳ ಮೂರ್ಧನ್ಯತೆಯನ್ನು ವಿವರಿಸಿದ್ದರು. ಮೇಷ್ಟ್ರು ಅದನ್ನು ವಿದ್ಯಾರ್ಥಿದೆಸೆಯಲ್ಲೇ ಓದಿದ್ದವರು! ಓದಿದ್ದನ್ನು ಎರಡು ವರ್ಷ ದಿನವೂ ಕಿವಿಯ ಪಕ್ಕದಲ್ಲಿಟ್ಟುಕೊಂಡು ಕೇಳದೆ ಹೋದದ್ದು ಹೇಗೆ? ಅಡುಗೆಮನೆಯಲ್ಲಿ ಶಾಸ್ತ್ರಕ್ಕೆ ಸಂಬಂಧಿಸಿದ್ದೇನೂ ಇರಲಾರದೆಂಬ ನಂಬಿಕೆಯೇ ಕಾರಣವಿರಬೇಕು. ಅಂದಿನಿಂದ ಅವರಿಬ್ಬರ ಮಾತು ಬಡಗ ಮತ್ತು ಕನ್ನಡದಲ್ಲಿ ನಡೆಯಿತು. ಅವರದನ್ನು ಇವರು, ಇವರದನ್ನು ಅವರು ಮುಕ್ಕಾಲುಪಾಲು ತಿಳಿಯುತ್ತಿದ್ದರು.

ಉತ್ಸಾಹದ ಭರದಲ್ಲಿ ಮೇಷ್ಟ್ರು ಒಂದು ಸಂಜೆ ಪುಣಿಸನ ಕಥೆಯನ್ನೂ ಹೇಳಿದರು. ನಮ್ಮ ದಂಡನಾಯಕ ಒಂಬೈನೂರು ವರ್ಷಗಳ ಹಿಂದೆ ಈ ಬೆಟ್ಟವನ್ನು ಗೆದ್ದಿದ್ದನೆಂದಾಗ ಹಿರಿಯರು ಸೌದೆಯನ್ನು ಒಳಕ್ಕೆ ತಳ್ಳುತ್ತ, ಆಗ ನಾವಿನ್ನೂ ಬಂದಿರಲಿಲ್ಲ ಎಂದರಂತೆ. ಬಡಗರು ಮೈಸೂರು ಸೀಮೆಯಿಂದ, ಅಂದರೆ ಬಡಗಣ ದಿಕ್ಕಿನಿಂದ, ಬೆಟ್ಟ ಹತ್ತಿದವರು; ವಿಜಯನಗರದ ಪತನಾನಂತರದ ಕಾಲವನ್ನು ಅದಕ್ಕೆ ಹೇಳುವುದು ರೂಢಿ. ಸ್ವಲ್ಪ ಹೊತ್ತು ಬಿಟ್ಟು ಅವರು, ಬೆದರಿದ್ದು ನಿಜವೋ ಎಂದು ತೊದವರನ್ನೇ ಕೇಳಬೇಕಲ್ಲ ಎಂದೂ ಸೇರಿಸಿದರು. ಪ್ರಬಂಧದ ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಆ ಪ್ರಶ್ನೆ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಪತ್ರ ಬರೆಯುವ ಒಂದು ತಾಸು ಇರುತ್ತಿತ್ತು. ಮೊಬೈಲು ನಿಷಿದ್ಧವಾದ್ದರಿಂದ ಮಕ್ಕಳು ಮನೆಗೆ ಬರೆಯುವುದು, ಮನೆಯಿಂದ ಬಂದದ್ದನ್ನು ಓದುವುದು ಆಗ. ಬರುವ ಪತ್ರಗಳೆಲ್ಲ ಇಂಗ್ಲಿಷಿನವು. ಏಳನೆಯ ತರಗತಿಯ ಒಬ್ಬ ಹುಡುಗನಿಗೆ ಮಾತ್ರ ನಂಜನಗೂಡಿನಿಂದ ಅವನ ಅಜ್ಜಿ ಕನ್ನಡದಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಮೊದಲ ಪತ್ರವನ್ನು ಅವನು ಮೇಷ್ಟ್ರ ಬಳಿಗೆ ತಂದಾಗ ಅವರು ಓದಿ ಹೇಳಿದರು. ಎರಡನೆಯದನ್ನು ತಂದಾಗ ಅವರೊಳಗಿನ ಅಧ್ಯಾಪಕ ಜಾಗೃತನಾದ. ಅಕ್ಷರಗಳೆಲ್ಲ ನಿನಗೆ ಬರುತ್ತವೆ, ಒತ್ತಕ್ಷರವೂ ಬಂದಿದೆ. ಮೊದಲ ಸಾಲನ್ನು ನೀನೇ ಓದಿಕೊಂಡು ಬಾ, ಉಳಿದದ್ದನ್ನು ನಾನು ಓದುತ್ತೇನೆ ಎಂದು ಪತ್ರವನ್ನು ಬಿಡಿಸಿಯೂ ನೋಡದೆ ಹಿಂದಕ್ಕೆ ಕೊಟ್ಟರು. ಹುಡುಗ ಹೋದ. ಮತ್ತೆ ಬರಲಿಲ್ಲ. ಪತ್ರಗಳು ಮಾತ್ರ ತಿಂಗಳಿಗೊಂದರಂತೆ ಬರುತ್ತಲೇ ಇದ್ದವು. ಅವನು ತಾನೇ ಓದಿಕೊಳ್ಳುತ್ತಿದ್ದಾನೆಂದು ಮೇಷ್ಟ್ರು ಹಿಗ್ಗಿದರು. ಆ ವರ್ಷದ ಅಧ್ಯಾಪಕರ ಕಮ್ಮಟದಲ್ಲಿ ಈ ಕ್ರಮವನ್ನು ಒಂದು ಯಶಸ್ವಿ ಪ್ರಯೋಗವೆಂದು ವಿವರಿಸಿ ಚಪ್ಪಾಳೆಯನ್ನೂ ಪಡೆದರು.

ಅಜ್ಜಿ ತೀರಿಕೊಂಡ ಸುದ್ದಿ ಬಂದದ್ದು ಒಂದು ರಾತ್ರಿ ಒಂಬತ್ತೂವರೆಗೆ. ಅಂದು ವಸತಿನಿಲಯದ ಕಾವಲು ಮೇಷ್ಟ್ರದೇ. ಮೊಮ್ಮಗ ಬರುವ ತನಕ ಎತ್ತುವುದಿಲ್ಲ, ಕೂಡಲೇ ಕಳಿಸಿ ಎಂದರು ಮನೆಯವರು. ಆದರೆ ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಆನೆ, ಹುಲಿ, ಜಿಂಕೆಗಳು ಗಾಡಿಗೆ ಸಿಕ್ಕಿ ಸಾಯಬಾರದೆಂದು ಮಾಡಿದ ನಿಯಮ. ಜೀವದಯೆಯನ್ನು ಧರ್ಮದ ತಿರುಳೆಂದು ತಿಳಿದ ಮೇಷ್ಟ್ರು ಆ ಗೇಟಿನ ಪರವಾಗಿ ಎಷ್ಟೋ ಸಲ ವಾದಿಸಿದ್ದರು. ಆ ರಾತ್ರಿ ಅವರು ಏನೂ ಹೇಳಲಿಲ್ಲ. ನಸುಕಿನ ನಾಲ್ಕೂವರೆಗೆ ಶಾಲೆಯ ಗಾಡಿ ಹೊರಟು ಆರರ ಹೊತ್ತಿಗೆ ಕಾಡಿನ ಅಂಚನ್ನು ಮುಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಹುಡುಗನನ್ನು ಎಲ್ಲಿರಿಸುವುದು? ಬೆಂಕಿ ಇದ್ದ ಸ್ಥಳ ಅಡುಗೆಮನೆಯೊಂದೇ.

ಹಿರಿಯರು ಒಲೆಯ ಮುಂದೆ ಗೋಣಿ ಹಾಸಿ ಅವನನ್ನು ಕೂರಿಸಿದರು. ಹೆತ್ತೆಯಾ ಎಂದು ಮೇಷ್ಟ್ರನ್ನು ಕೇಳಿದರು. ಬಡಗರಲ್ಲಿ ಹೆತ್ತೆಯೆಂದರೆ ಅಜ್ಜಿ. ಅವರು ಪೂಜಿಸುವ ತಾಯಿಯ ಹೆಸರೂ ಅದೇ. ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಹುಡುಗ ಅಳಲಿಲ್ಲ. ಹನ್ನೊಂದರ ಸುಮಾರಿಗೆ ಎದ್ದುಹೋಗಿ ತನ್ನ ಟ್ರಂಕಿನಿಂದ ನೀಲಿ ಪತ್ರಗಳ ಕಟ್ಟನ್ನು ತಂದು ಮೇಷ್ಟ್ರ ಮುಂದೆ ಇಟ್ಟ. ಆರು ಪತ್ರಗಳು. ಒಂದರ ಅಂಚು ಮಾತ್ರ ಹರಿದಿತ್ತು. ಐದು ತೆರೆದೇ ಇರಲಿಲ್ಲ.

ಮೇಷ್ಟ್ರು ಹರಿದದ್ದನ್ನು ಮೊದಲು ಬಿಡಿಸಿದರು. ಅಂದು ತಾವು ನೋಡದೆ ಹಿಂದಿರುಗಿಸಿದ ಪತ್ರ. ಮೇಲೆ ಶ್ರೀಕಾರ, ಅದರ ಕೆಳಗೆ ಮೊದಲ ಸಾಲು: ಉಭಯಕುಶಲೋಪರಿ ಸಾಂಪ್ರತ. ಆ ಪದದ ಕೆಳಗೆ ಹುಡುಗ ಪೆನ್ಸಿಲಿನಿಂದ ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡಿದ್ದ; ಎರಡು ಕಡೆ ಅಳಿಸಿದ್ದ; ಕುಶಲ ಎಂಬಲ್ಲಿ ನಿಂತಿದ್ದ. ಹಿಂದಿನ ತಲೆಮಾರಿನವರು ಕಾಗದವನ್ನು ಹೇಗೆ ಆರಂಭಿಸುತ್ತಿದ್ದರೆಂಬುದು ಮೇಷ್ಟ್ರಿಗೆ ತಿಳಿಯದ ವಿಷಯವೇ? ಇಡೀ ಪತ್ರದಲ್ಲಿ ಹನ್ನೆರಡರ ಹುಡುಗ ಓದಲಾರದ ಸಾಲು ಅದೊಂದೇ. ಮಿಕ್ಕದ್ದೆಲ್ಲ ನೇರವಾದ ಮನೆಮಾತು: ಮಳೆ ಬಂತು, ಹಸು ಕರು ಹಾಕಿತು, ಅಲ್ಲಿ ಚಳಿಯಂತೆ, ತಲೆಗೆ ಎಣ್ಣೆ ಹಚ್ಚಿಕೊ, ರಜೆಗೆ ಯಾವಾಗ ಬರುತ್ತೀ. ಮೊದಲ ಸಾಲೆಂಬ ಷರತ್ತು ಇಲ್ಲದಿದ್ದರೆ ಅವನು ಉಳಿದದ್ದನ್ನು ತಡವರಿಸುತ್ತ ಓದಿಯೇ ಬಿಡುತ್ತಿದ್ದ.

ಅವರು ಒಂದೊಂದನ್ನೇ ಓದಿದರು. ಹಿರಿಯರು ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತು ಕೇಳಿದರು. ಅವರಿಗೂ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಐದನೆಯ ಪತ್ರದ ಕೊನೆಗೆ, ಅಂಚಿನಲ್ಲಿ ಅಡ್ಡಲಾಗಿ, ಸ್ಥಳ ಸಾಲದೆ ಚಿಕ್ಕ ಅಕ್ಷರದಲ್ಲಿ ಅಜ್ಜಿ ಬೇರೊಂದು ಮಾತು ಬರೆದಿದ್ದರು. ಅದು ಮೊಮ್ಮಗನಿಗಲ್ಲ. ಇದನ್ನು ನನ್ನ ಕೂಸಿಗೆ ಓದಿ ಹೇಳುತ್ತಿರುವ ಮೇಷ್ಟರಿಗೆ ನಮಸ್ಕಾರಗಳು, ನಿಮಗೆ ತೊಂದರೆ ಕೊಡುತ್ತಿದ್ದೇನೆ, ನಮ್ಮ ಊರಿಗೆ ಬಂದರೆ ಮನೆಗೆ ಬರಬೇಕು ಎಂದಿತ್ತು. ಮೇಷ್ಟ್ರು ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು. ಬಿಡದೆ ಅದನ್ನೂ ಗಟ್ಟಿಯಾಗಿ ಓದಿದರು. ಹುಡುಗ ಅವರ ಮುಖವನ್ನೇ ನೋಡಿದ. ಆರನೆಯದನ್ನು ಓದಲು ಅವರಿಗೆ ದನಿ ಬರಲಿಲ್ಲ. ಹುಡುಗನೇ ಪತ್ರವನ್ನು ತೆಗೆದುಕೊಂಡು, ಮೊದಲ ಸಾಲನ್ನು ಬಿಟ್ಟು, ಎರಡನೆಯದರಿಂದ ಓದಲಾರಂಭಿಸಿದ. ಒಂದೂವರೆ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಮೇಷ್ಟ್ರು ಗಾಡಿಯಲ್ಲಿ ಅವನ ಜೊತೆಗೇ ನಂಜನಗೂಡಿಗೆ ಹೋಗಿಬಂದರು. ಆ ಮನೆಯಲ್ಲಿ ಎಲ್ಲರೂ ಅವರಿಗೆ ಕೃತಜ್ಞತೆ ಹೇಳಿದರಂತೆ. ಪತ್ರಗಳನ್ನು ಓದಿ ಹೇಳಿದ ಮೇಷ್ಟ್ರು ಇವರೇ ಎಂದು ಮುದುಕರಾದ ತಾತ ನೆರೆಯವರಿಗೆ ಪರಿಚಯಿಸಿದರು. ಸತ್ಯವ್ರತವನ್ನು ಕುರಿತು ಉಪನ್ಯಾಸ ಕೊಡಬಲ್ಲವರು ಅಲ್ಲಿ ಸುಮ್ಮನೆ ಕೈಮುಗಿದು ನಿಂತರು. ಆ ಮೌನ ಸರಿಯೋ ತಪ್ಪೋ ಎಂಬುದನ್ನು ಅವರು ಇಂದಿಗೂ ತೀರ್ಮಾನಿಸಿಕೊಂಡಂತಿಲ್ಲ.

ಮುಂದೆ ಅವರ ಪಾಠದಲ್ಲಿ ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ಭಾನುವಾರ ಯಾರಾದರೂ ಕನ್ನಡದ ಕಾಗದ ತಂದರೆ, ಮದುವೆಯ ಕರೆಯೋಲೆಯೇ ಆಗಿರಲಿ, ಆಗಲೇ ಓದಿ ಹೇಳುತ್ತಿದ್ದರು, ಪಾಠ ಆಮೇಲೆ. ಪುಣಿಸನ ಶಾಸನವನ್ನೂ ಅವರು ಮತ್ತೆ ತೆರೆದರು. ಅದರಲ್ಲಿ ದಿಗ್ವಿಜಯದ ಜೊತೆಗೆ ಇನ್ನೊಂದು ಭಾಗವಿದೆ: ಬಂಡವಾಳ ಕಳೆದುಕೊಂಡು ಕೆಟ್ಟ ವರ್ತಕ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಹೋಗಿ ನಿರ್ಗತಿಕನಾದ ಬೇಡರ ನಾಯಕ, ಇಂಥವರಿಗೆಲ್ಲ ಅವರವರು ಕಳೆದುಕೊಂಡದ್ದನ್ನು ಪುಣಿಸ ಕೊಟ್ಟು ಪೊರೆದನೆಂಬ ಹೊಗಳಿಕೆ. ಪ್ರಶಸ್ತಿಯ ಮಾತನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ, ನಿಜ. ಆದರೆ ಸೇನಾನಿಯೊಬ್ಬನನ್ನು ಹೀಗೂ ಹೊಗಳಬೇಕೆಂದು ಆ ಕಾಲದ ಜೈನ ಪರಿಸರಕ್ಕೆ ತೋಚಿತ್ತಲ್ಲ! ಮೇಷ್ಟ್ರ ಪ್ರಬಂಧದಲ್ಲಿ ತೊದವರನ್ನು ಬೆದರಿಸಿದ್ದಕ್ಕೆ ಮೂವತ್ತು ಪುಟಗಳಿದ್ದವು; ಬೀಜ ಕೊಟ್ಟದ್ದಕ್ಕೆ ಒಂದು ಅಡಿಟಿಪ್ಪಣಿ. ಒಂಬತ್ತನೆಯ ತರಗತಿಗೆ ಅವರು ಆ ಅಡಿಟಿಪ್ಪಣಿಯನ್ನೇ ಹೊಸಗನ್ನಡಕ್ಕೆ ತಿರುಗಿಸಿ ಪಾಠ ಮಾಡಿದರು. ಮಕ್ಕಳು ಬೇಡರ ನಾಯಕನ ಬಗ್ಗೆ ಹೆಚ್ಚು ಪ್ರಶ್ನೆ ಕೇಳಿದರು.

ಅಜ್ಜಿ ಹೋದ ಮರು ತಿಂಗಳು ಆ ಹುಡುಗ ಭಾನುವಾರದ ತಾಸಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರವನ್ನು ತಿದ್ದಿಕೊಡಲೆಂದು ಮೇಷ್ಟ್ರ ಮೇಜಿನ ಮೇಲಿಟ್ಟ. ತಾತನಿಗೆ ಬರೆದದ್ದು. ನಾಲ್ಕೇ ಸಾಲು. ತಾತ ಅಳಬೇಡ. ಊಟ ಮಾಡು. ರಾತ್ರಿ ಬಾಗಿಲು ಹಾಕು. ನಾನು ರಜೆಗೆ ಬರುತ್ತೇನೆ. ಮೇಷ್ಟ್ರು ರೂಢಿಯಂತೆ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಅಳಬೇಡಿ, ಮಾಡಿ, ಹಾಕಿ ಎಂದು ಮೂರು ಕಡೆ ತಿದ್ದಬೇಕಾಗಿತ್ತು. ಒಂದು ತಿಂಗಳು ಕಷ್ಟಪಟ್ಟು ಕಲಿಸಿದ ಪಾಠವೇ ಅದು. ಪೆನ್ನನ್ನು ಹಾಗೆಯೇ ಹಿಡಿದು ಎರಡು ಸಲ ಓದಿದರು. ಆಮೇಲೆ ಮುಚ್ಚಳ ಹಾಕಿ, ಒತ್ತು ತಪ್ಪಿದ್ದ ಒಂದು ಅಕ್ಷರವನ್ನು ಮಾತ್ರ ಅವನ ಪೆನ್ಸಿಲಿನಿಂದಲೇ ಸರಿಪಡಿಸಿ, ಅಂಚಿಗೆ ಅಂಟು ಹಚ್ಚಿ, ಸಂಜೆಯ ಊಟಕ್ಕೆ ಹೋಗುವ ದಾರಿಯಲ್ಲಿ ಅಂಚೆಯ ಡಬ್ಬಿಗೆ ತಾವೇ ಹಾಕಿದರು.